ಫ್ಯಾನಿನ ಬುಡದಲ್ಲೇ ಸುಟ್ಟ ಮೋಟರ್: ಕೊಪ್ಪಳ ಜಿಲ್ಲೆಯ ಒಂದು ಪ್ರಕರಣ

ಕುಕನೂರಿನಲ್ಲಿ ನಂದೊಂದು ಮೋಟರ್ ವೈಂಡಿಂಗ್ ಅಂಗಡಿ ಇದೆ. ಹದಿನಾಲ್ಕು ವರ್ಷದಿಂದ ಇದೇ ಕೆಲಸ. ಸುಟ್ಟ ಮೋಟರ್ ಬಿಚ್ಚಿ ನೋಡಿದರೆ ಅದು ಹೇಗೆ ಸುಟ್ಟಿತು ಅಂತ ಹೇಳಬಹುದು. ಪಂಪಿನ ಮೋಟರಿಗೆ ಕರೆಂಟ್ ಮೂರು ತಂತಿಯಲ್ಲಿ ಬರುತ್ತದೆ, ಒಂದೊಂದಕ್ಕೂ ಫೇಸ್ ಅನ್ನುತ್ತಾರೆ. ಎರಡು ಫೇಸಿನ ಸುತ್ತು ಕಪ್ಪಾಗಿ ಮೂರನೆಯದು ಹೊಸದರಂತೆ ಇದ್ದರೆ ಲೈನಿನಲ್ಲಿ ಒಂದು ಫೇಸ್ ಹೋಗಿತ್ತು ಅಂತ ಅರ್ಥ. ಮೂರೂ ಒಂದೇ ಸಮ ಬೆಂದಿದ್ದರೆ ವೋಲ್ಟೇಜ್ ಇಲ್ಲದೆ ಏದುಸಿರು ಬಿಡುತ್ತಾ ಓಡಿದೆ ಅಂತ. ಇಲ್ಲಿ ಬರೆಯುತ್ತಿರುವುದು ಎರಡನೇ ಥರ ಸುಟ್ಟ ಒಂದು ಮೋಟರಿನ ಪ್ರಕರಣ. 2023ರ ಅಕ್ಟೋಬರಿನಲ್ಲಿ ಸುಟ್ಟಿತು. ನಮ್ಮ ಸೋದರಮಾವನ ಮೋಟರ್. ಅವರ ಬೋರ್‌ವೆಲ್ಲಿನಿಂದ ನಡೆದು ಹೋಗುವಷ್ಟು ದೂರದಲ್ಲಿ, ಹೊಲದ ಬದುವಿನ ಆಚೆ, ಗಾಳಿಯಿಂದ ಕರೆಂಟ್ ಮಾಡುವ 2 ಮೆಗಾವ್ಯಾಟಿನ ಫ್ಯಾನ್ ನಿಂತಿದೆ.

ಆ ರಾತ್ರಿ ನಾನೂ ಅಲ್ಲೇ ಇದ್ದೆ. ನವರಾತ್ರಿ ಘಟಸ್ಥಾಪನೆ ಆಗಿ ಎರಡು ದಿನ. ಮಾಮಾ ಎರಡು ಎಕರೆ ಉಳ್ಳಾಗಡ್ಡಿ, ಎರಡು ಎಕರೆ ಮೆಕ್ಕೆಜೋಳ ಹಾಕಿದ್ದರು. ಗಡ್ಡೆ ತುಂಬುವ ಹೊತ್ತು, ಈಗ ನೀರು ತಪ್ಪಿದರೆ ಗಡ್ಡೆ ಲಿಂಬೆ ಹಣ್ಣಿನಷ್ಟಕ್ಕೇ ನಿಲ್ಲುತ್ತದೆ. ಪಂಪಿಗೆ ಬೇಕಾದ ತ್ರೀ ಫೇಸ್ ಕರೆಂಟ್ ರಾತ್ರಿ ಹನ್ನೊಂದಕ್ಕೆ ಬರುತ್ತೆ ಅಂತ ಲೈನ್‌ಮನ್ ಹೇಳಿದ್ದ. ಟಾರ್ಚ್ ಹಿಡಿದು ಸ್ಟಾರ್ಟರ್ ಡಬ್ಬಿಯ ಮುಂದೆ ಕೂತಿದ್ದೆವು. ಗಾಳಿ ಅಂದರೆ ಎಲೆಯೂ ಅಲ್ಲಾಡುತ್ತಿಲ್ಲ. ಮೇಲೆ ಫ್ಯಾನಿನ ತಲೆಯಲ್ಲಿ ಕೆಂಪು ದೀಪ ಮಿಟುಕುತ್ತಿದೆ, ರೆಕ್ಕೆ ಮಾತ್ರ ನಿಂತಿವೆ. ಮಾಮಾ ಅದನ್ನೇ ನೋಡುತ್ತಾ ಕೇಳಿದರು: "ಅಳಿಯಾ, ನಮ್ಮ ಹೊಲದ ಮಗ್ಗಲಾಗ ಇಷ್ಟ್ ದೊಡ್ಡ ಫ್ಯಾನ್ ಐತಿ. ನಮಗ ಐದ್ ತಾಸು ಕರೆಂಟ್ ಸಿಗವಲ್ದು. ಹಂಗಾದ್ರ ಇದನ್ನ ಯಾತಕ್ಕ ನಿಂದ್ರಿಸ್ಯಾರ?"

ನನಗೆ ಆಗ ಸರಿಯಾದ ಉತ್ತರ ಗೊತ್ತಿರಲಿಲ್ಲ. ಆಮೇಲೆ ಗೊತ್ತಾಯಿತು, ಆ ಹೊತ್ತಿನಲ್ಲಿ ಆ ಕೆಂಪು ದೀಪಕ್ಕೂ ಕರೆಂಟ್ ಲೈನಿನಿಂದಲೇ ಬರುತ್ತಿತ್ತು. ಗಾಳಿ ಇಲ್ಲದಾಗ ಫ್ಯಾನ್ ತನ್ನ ದೀಪಕ್ಕೆ, ಕಂಟ್ರೋಲ್ ಪ್ಯಾನೆಲ್ಲಿಗೆ, ಗಾಳಿ ಬರುವ ಕಡೆ ತಲೆ ತಿರುಗಿಸುವ ಮೋಟರಿಗೆ ಲೈನಿನಿಂದಲೇ ಎಳೆದುಕೊಳ್ಳುತ್ತದೆ.

ಹನ್ನೊಂದೂ ಕಾಲಿಗೆ ತ್ರೀ ಫೇಸ್ ಬಂತು. ಸುತ್ತಲಿನ ಹೊಲಗಳಲ್ಲಿ ಆಟೋ ಸ್ಟಾರ್ಟರ್‌ಗಳು ಟಪ್ ಟಪ್ ಅಂತ ಒಂದರ ಹಿಂದೆ ಒಂದು ಎಳೆದುಕೊಂಡಿದ್ದು ಕೇಳಿಸಿತು. ವೋಲ್ಟ್ ಮೀಟರಿನ ಮುಳ್ಳು 400ರ ಹತ್ತಿರ ಹೋಗಿ, ನಮ್ಮ ಕಣ್ಣೆದುರಿಗೇ 320ಕ್ಕೆ ಇಳಿಯಿತು. ನಾನು ಬೇಡ ಅಂದೆ. ಮಾಮಾ ಕೇಳಲಿಲ್ಲ, ಬೆಳೆ ಒಣಗುತ್ತಿರುವಾಗ ಯಾರು ಕೇಳುತ್ತಾರೆ? ಆಂಪ್ಸ್ ಜಾಸ್ತಿ ಆದರೆ ಮೋಟರ್ ನಿಲ್ಲಿಸುವ ಓವರ್‌ಲೋಡ್ ರಿಲೇ ಪದೇ ಪದೇ ಬೀಳುತ್ತದೆ ಅಂತ ಅದಕ್ಕೆ ಮೊದಲೇ ಒಂದು ಕಡ್ಡಿ ಸಿಕ್ಕಿಸಿ ಇಟ್ಟಿದ್ದರು. ನಮ್ಮ ಕಡೆ ಹತ್ತರಲ್ಲಿ ಆರು ಡಬ್ಬಿಯಲ್ಲಿ ಆ ಕಡ್ಡಿ ಸಿಗುತ್ತದೆ. ಮೋಟರ್ ಸುಮಾರು ಎರಡು ತಾಸು ಓಡಿ ನಿಂತಿತು.

ಮರುದಿನ ಪೈಪ್ ಎತ್ತಿ ಮೋಟರ್ ಹೊರಗೆ ತೆಗೆದು ಅಂಗಡಿಗೆ ತಂದು ಬಿಚ್ಚಿದೆ. ವೈಂಡಿಂಗ್ ವೈರಿನ ಮೇಲಿನ ಪ್ಲಾಸ್ಟಿಕ್ ಪದರ ಮೂರೂ ಫೇಸಿನಲ್ಲಿ ಕರಗಿ ಮೇಣದ ಥರ ಒಂದಕ್ಕೊಂದು ಅಂಟಿತ್ತು. ಮೋಟರಿನ ಎಳೆಯುವ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇರುತ್ತದೆ. 415 ಇರಬೇಕಾದಲ್ಲಿ 320 ಇದ್ದರೆ ಎಳೆತ ಸುಮಾರು ನೂರಕ್ಕೆ ನಲವತ್ತು ಕಡಿಮೆ. ಆದರೆ ಮೇಲಕ್ಕೆ ಎತ್ತಬೇಕಾದ ನೀರಿನ ಭಾರ ಅಷ್ಟೇ ಇರುತ್ತೆ ಅಲ್ವಾ? ಅದಕ್ಕೆ ಮೋಟರ್ ಆಂಪ್ಸ್ ಜಾಸ್ತಿ ಎಳೆಯುತ್ತದೆ, ಕಾಯುತ್ತದೆ, ಸುಡುತ್ತದೆ. ಆ ತಿಂಗಳು ನನ್ನ ಅಂಗಡಿಯ ಮುಂದೆ ಮೋಟರುಗಳನ್ನು ಸಾಲಾಗಿ ಮಲಗಿಸಿದ್ದೆ. ನನಗೆ ದುಡ್ಡು ಬಂತು, ಆದರೆ ಖುಷಿ ಆಗಲಿಲ್ಲ. ಬಂದವರೆಲ್ಲ ನನ್ನ ಪರಿಚಯದವರೇ.

ಸುಟ್ಟಿದ್ದಕ್ಕೆ ಹತ್ತಿರದ ಕಾರಣ ಟಿಸಿ, ಅಂದರೆ ಹೊಲದ ಮೋಟರುಗಳಿಗೆ ಕರೆಂಟ್ ಕೊಡುವ ಟ್ರಾನ್ಸ್‌ಫಾರ್ಮರ್. ನಮ್ಮ ಮಾಮಾ ಅವರದು 63 ಕೆವಿಎ ಟಿಸಿ. ಏಳೂವರೆ ಎಚ್‌ಪಿಯ ಸಬ್‌ಮರ್ಸಿಬಲ್ ಮೋಟರ್ ಲೈನಿನಿಂದ ಸುಮಾರು 8 ಕಿಲೋವ್ಯಾಟ್ ಎಳೆಯುತ್ತದೆ. ಕೆಲಸಕ್ಕೆ ಬಾರದೆ ಲೈನಿನಲ್ಲಿ ಓಡಾಡುವ ಕರೆಂಟನ್ನೂ (ಪವರ್ ಫ್ಯಾಕ್ಟರ್) ಲೆಕ್ಕ ಹಾಕಿದರೆ ಟಿಸಿಯ ಮೇಲೆ 10 ಕೆವಿಎ ಭಾರ. ಅಂದರೆ ಆರು ಮೋಟರಿಗೆ ಟಿಸಿ ತುಂಬಿತು. ಅದರ ಮೇಲೆ ಇದ್ದದ್ದು ಹನ್ನೊಂದು. ಏಳು ತಾಸು ತ್ರೀ ಫೇಸ್ ಇದ್ದಾಗ ಜನ ಹಿಂದೆ ಮುಂದೆ ಮಾಡಿಕೊಂಡು ಹೊಡೆಯುತ್ತಿದ್ದರು. ಆ ತಿಂಗಳು ದಿನಕ್ಕೆ ಐದೇ ತಾಸು ಅಂದ ಕೂಡಲೇ ಎಲ್ಲರೂ ಒಟ್ಟಿಗೆ ಹಚ್ಚಿದರು. ಬೆಂಗಳೂರಿನಲ್ಲಿ ಕಾಗದದ ಮೇಲೆ ಎರಡು ತಾಸು ಕಡಿಮೆ ಆದರೆ ನಮ್ಮ ಹೊಲದಲ್ಲಿ ಅದು 80 ವೋಲ್ಟ್ ಕುಸಿತ ಆಗಿ ಬರುತ್ತದೆ. ಕಡಿತದ ಬಗ್ಗೆ ಮಾತಾಡುವವರು ಈ ಭಾಗವನ್ನು ಹೇಳುವುದೇ ಇಲ್ಲ, ಅದಕ್ಕೆ ಸ್ವಲ್ಪ ಬಿಡಿಸಿ ಬರೆದೆ.

ಇನ್ನು ದೂರದ ಕಾರಣ. ಏಳು ಐದಕ್ಕೆ ಯಾಕೆ ಇಳಿಯಿತು? ಚಹಾ ಅಂಗಡಿಯಲ್ಲಿ ಆಗ ಎರಡೇ ಮಾತು. "ಗಾಳಿ, ಬಿಸಿಲು ನಂಬಿದ್ದಕ್ಕೆ ಹಿಂಗಾತು" ಅನ್ನುವವರು ಒಂದು ಕಡೆ, "ಕರೆಂಟೆಲ್ಲಾ ಬ್ಯಾರೆ ಕಡೆ ಮಾರ್ಯಾರ" ಅನ್ನುವವರು ಇನ್ನೊಂದು ಕಡೆ. ಎರಡರಲ್ಲೂ ಸ್ವಲ್ಪ ಸತ್ಯ ಇದೆ, ಪೂರ್ತಿ ಇಲ್ಲ.

ಆ ವರ್ಷದ ಆಗಸ್ಟ್ ನೆನಪಿಸಿಕೊಳ್ಳಿ. 1901ರಿಂದ ಲೆಕ್ಕ ಇಟ್ಟಿದ್ದಾರೆ, ದೇಶದಲ್ಲಿ ಅಷ್ಟು ಒಣ ಆಗಸ್ಟ್ ಒಂದೂ ಇರಲಿಲ್ಲ. ರಾಜ್ಯದ 236 ತಾಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಘೋಷಿಸಿದರು. ಮಳೆಗಾಲದಲ್ಲಿ ಬೋರ್‌ವೆಲ್ ಮೋಟರುಗಳು ಸುಮ್ನೆ ಇರುತ್ತವೆ. ಆ ವರ್ಷ ಎಲ್ಲಾ ಮೋಟರ್ ಓಡಿದವು. ಬೇಸಿಗೆಯಲ್ಲಿ ನೋಡುವಂಥ ಬೇಡಿಕೆ ಮಳೆಗಾಲದಲ್ಲೇ ಬಂತು, ಆಗಸ್ಟಿನಲ್ಲಿ ರಾಜ್ಯದ ಬೇಡಿಕೆ 16 ಸಾವಿರ ಮೆಗಾವ್ಯಾಟ್ ದಾಟಿತು. ಮಳೆ ಇಲ್ಲ ಅಂದಮೇಲೆ ಡ್ಯಾಮೂ ತುಂಬಲಿಲ್ಲ. ಶರಾವತಿಯ ದೊಡ್ಡ ಪವರ್‌ಹೌಸ್ 1035 ಮೆಗಾವ್ಯಾಟಿನದು, ಸ್ವಿಚ್ ಹಾಕಿದ ಹಾಗೆ ಬೇಕಾದಾಗ ಹಚ್ಚಬಹುದು. ಆದರೆ ಲಿಂಗನಮಕ್ಕಿಯಲ್ಲಿ ನೀರಿಲ್ಲದಿದ್ದರೆ ಮುಂದಿನ ಬೇಸಿಗೆಗೆ ಉಳಿಸಬೇಕಲ್ಲ, ಕೈ ಬಿಗಿ ಹಿಡಿಯಲೇಬೇಕು. ಅಕ್ಟೋಬರ್ ಬಂದ ಹಾಗೆ ಮುಂಗಾರಿನ ಗಾಳಿಯೂ ಮುಗಿಯಿತು. ಗಾಳಿ ಮುಗಿಯುವುದು ಪ್ರತಿ ವರ್ಷದ ಮಾತು, ಅದರಲ್ಲಿ ಹೊಸದೇನಿಲ್ಲ. ಹೊಸದಾಗಿದ್ದು ಏನೆಂದರೆ ಬೇಡಿಕೆ ಏರಿದ್ದು, ಡ್ಯಾಮ್ ಇಳಿದಿದ್ದು, ಗಾಳಿ ನಿಂತಿದ್ದು ಮೂರೂ ಒಂದೇ ತಿಂಗಳಲ್ಲಿ ಕೂಡಿದ್ದು.

ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಹಾಕಿ, ರಾಜ್ಯದೊಳಗಿನ ಖಾಸಗಿ ಉತ್ಪಾದಕರು ಇಲ್ಲಿಯ ಗ್ರಿಡ್ಡಿಗೇ (ಎಲ್ಲಾ ಕಡೆಯ ಕರೆಂಟ್ ಸೇರುವ ಲೈನುಗಳ ಬಲೆ) ಕೊಡಬೇಕು ಅಂತ ಆದೇಶ ಮಾಡಿತು. ಉತ್ತರ ಪ್ರದೇಶ, ಪಂಜಾಬಿನಿಂದ ಕೈಗಡ ತಂದರು. ದುಡ್ಡಿಗೆ ಅಲ್ಲ, ಕರೆಂಟಿಗೆ ಕರೆಂಟ್. ನಮ್ಮಲ್ಲಿ ಗಾಳಿ, ನೀರು ಜಾಸ್ತಿ ಇರುವ ಮುಂಗಾರಿನಲ್ಲಿ ವಾಪಸ್ ಕೊಡುವ ಕರಾರು. ಇದು ನನಗೆ ಬಹಳ ಹಿಡಿಸಿದ ವಿಷಯ. ಮೊದಲಾಗಿದ್ದರೆ ಇಷ್ಟು ಸಲೀಸಾಗಿ ಆಗುತ್ತಿರಲಿಲ್ಲ. ದಕ್ಷಿಣದ ಗ್ರಿಡ್ ಉತ್ತರದ ಗ್ರಿಡ್ಡಿನ ಜೊತೆ ಒಂದೇ ತಾಳಕ್ಕೆ ಸೇರಿದ್ದು 2013ರ ಡಿಸೆಂಬರ್ 31ರಂದು, ಅದೂ ನಮ್ಮ ರಾಯಚೂರಿನಿಂದ ಸೋಲಾಪುರಕ್ಕೆ ಹೋಗುವ 765 ಕೆವಿ ಲೈನಿನ ಮೂಲಕ. ಪಂಜಾಬಿನ ಕರೆಂಟ್ ಇಲ್ಲಿಗೆ ಮುಟ್ಟುವುದಕ್ಕೆ ಅಂಥ ಲೈನುಗಳೇ ದಾರಿ.

ಈಗ ಫ್ಯಾನಿನ ವಿಷಯ. ಮಾಮಾನ ಪ್ರಶ್ನೆಯನ್ನು ನಾನು ಬಿಡಲಿಲ್ಲ. 2 ಮೆಗಾವ್ಯಾಟ್ ಅಂದರೆ ಪೂರ್ತಿ ಗಾಳಿಯಲ್ಲಿ ತಾಸಿಗೆ 2000 ಯೂನಿಟ್. ಮಾಮಾನ ಮೋಟರ್ ಏಳು ತಾಸು ಓಡಿದರೆ ದಿನಕ್ಕೆ 56 ಯೂನಿಟ್. ಆಷಾಢದಲ್ಲಿ ಫ್ಯಾನ್ ಒಂದು ತಾಸು ಪೂರ್ತಿ ತಿರುಗಿದರೆ ಮಾಮಾನ ಮೋಟರಿಗೆ 35 ದಿನದ ಕರೆಂಟ್ ಬಂದ ಹಾಗೆ. ಅದೇ ಹೊತ್ತಿನಲ್ಲಿ ಅಂಥ 250 ಮೋಟರ್ ಒಟ್ಟಿಗೆ ಓಡಿಸಬಹುದು. ಇದನ್ನು ಹೇಳಿದಾಗ ಮಾಮಾಗೆ ನಂಬಿಕೆ ಬರಲಿಲ್ಲ, ಕಾಗದದ ಮೇಲೆ ಬರೆದು ತೋರಿಸಬೇಕಾಯಿತು.

ಆದರೆ ಗಾಳಿಯ ಲೆಕ್ಕ ನಮ್ಮ ಮನಸ್ಸಿನ ಲೆಕ್ಕದ ಹಾಗೆ ನಡೆಯುವುದಿಲ್ಲ. ಗಾಳಿಯ ವೇಗ ಅರ್ಧ ಆದರೆ ಕರೆಂಟ್ ಅರ್ಧ ಆಗುವುದಿಲ್ಲ, ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಸೆಕೆಂಡಿಗೆ 12 ಮೀಟರ್ ಗಾಳಿಯಲ್ಲಿ ಪೂರ್ತಿ ಕೊಡುವ ಫ್ಯಾನ್ 4 ಮೀಟರಿನಲ್ಲಿ ಇಪ್ಪತ್ತೇಳರಲ್ಲಿ ಒಂದು ಪಾಲು ಕೊಟ್ಟರೆ ಹೆಚ್ಚು. 250 ಮೋಟರಿನ ಜಾಗದಲ್ಲಿ ಒಂಬತ್ತು ಮೋಟರ್. ಸೆಕೆಂಡಿಗೆ 3 ಮೀಟರಿಗಿಂತ ಕಡಿಮೆ ಆದರೆ ಸೊನ್ನೆ. ರೆಕ್ಕೆ ನಿಧಾನಕ್ಕೆ ತಿರುಗುತ್ತಿರುವುದನ್ನು ನೋಡಿ "ಫ್ಯಾನ್ ಓಡಾಕತ್ತೈತಿ, ಕರೆಂಟ್ ಬರಾಕತ್ತೈತಿ" ಅಂತ ತಿಳಿಯುತ್ತೇವಲ್ಲ, ಆಗ ಬರುತ್ತಿರುವುದು ಬಹಳ ಕಡಿಮೆ ಇರಬಹುದು.

ಮತ್ತೆ ಆ ಕರೆಂಟ್ ನೇರ ಮಾಮಾನ ಸ್ಟಾರ್ಟರಿಗೆ ಬರುವುದಿಲ್ಲ. ಫ್ಯಾನುಗಳ ಕರೆಂಟನ್ನು 33 ಕೆವಿ ಲೈನಿನಲ್ಲಿ ಕೂಡಿಸಿ, ದೊಡ್ಡ ಸ್ಟೇಷನ್ನಿನಲ್ಲಿ ವೋಲ್ಟೇಜ್ ಏರಿಸಿ ಗ್ರಿಡ್ಡಿಗೆ ಬಿಡುತ್ತಾರೆ. ಕೆಲವು ಕಂಪನಿಗಳ ಕರಾರು ಬೇರೆ ರಾಜ್ಯದವರ ಜೊತೆ ಇರುತ್ತದೆ, ಕೆಲವರದು ಬೆಂಗಳೂರಿನ ಕಾರ್ಖಾನೆ ಜೊತೆ. ನಮ್ಮ ಹೊಲಕ್ಕೆ ಬರುವ 11 ಕೆವಿ ಫೀಡರ್ ಲೈನು ಬೇರೆ ಸಬ್ ಸ್ಟೇಷನ್ನಿನದು. ಫ್ಯಾನ್ ಹತ್ತಿರ ಇದೆ ಅನ್ನುವುದಕ್ಕೂ ಕರೆಂಟ್ ಹತ್ತಿರ ಇದೆ ಅನ್ನುವುದಕ್ಕೂ ಸಂಬಂಧ ಇಲ್ಲ. ಮುನಿರಾಬಾದಿನಲ್ಲಿ ಡ್ಯಾಮ್ ಇದ್ದರೂ ನಮ್ಮ ಎರೆ ಹೊಲಕ್ಕೆ ಕಾಲುವೆ ಬರಲಿಲ್ಲವಲ್ಲ, ಹಾಗೆ.

2024ರ ಜನವರಿಯಿಂದ ಒಂದು ಕೆಲಸ ಹಿಡಿದೆ. ರಾಜ್ಯದ ಕರೆಂಟ್ ಹಂಚಿಕೆ ನೋಡಿಕೊಳ್ಳುವ ಲೋಡ್ ಡಿಸ್ಪ್ಯಾಚ್ ಸೆಂಟರಿನ ವೆಬ್‌ಸೈಟಿನಲ್ಲಿ ಆಯಾ ಹೊತ್ತಿಗೆ ಗಾಳಿ ಎಷ್ಟು, ಸೋಲಾರ್ ಎಷ್ಟು, ನೀರು ಎಷ್ಟು, ಕಲ್ಲಿದ್ದಲು ಎಷ್ಟು, ಒಟ್ಟು ಬೇಡಿಕೆ ಎಷ್ಟು ಅಂತ ತೋರಿಸುತ್ತಾರೆ. ಯಾರು ಬೇಕಾದರೂ ನೋಡಬಹುದು. ಮಧ್ಯಾಹ್ನ ಒಂದಕ್ಕೆ, ಸಂಜೆ ಏಳೂವರೆಗೆ, ಅಂಗಡಿಯ ಬಿಲ್ ಪುಸ್ತಕದ ಹಿಂದೆ ಬರೆದುಕೊಳ್ಳಲು ಶುರು ಮಾಡಿದೆ. ಎಲ್ಲಾ ದಿನ ಆಗಲಿಲ್ಲ. ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಚಿ ಹೋಯಿತಲ್ಲ, ಆ ವಾರದ ಹಾಳೆ ಪೂರ್ತಿ ಖಾಲಿ. ತುಂಬಿದ ನೀರು ಕಣ್ಣೆದುರಿಗೆ ಹರಿದು ಹೋಗುವಾಗ ಯಾರಿಗೂ ಬೇರೆ ಲೆಕ್ಕ ಬೇಕಾಗಿರಲಿಲ್ಲ.

ಬಿಟ್ಟ ದಿನ ಬಿಟ್ಟು ನೋಡಿದರೂ ಒಂದು ವರ್ಷದ ಬರಹದಲ್ಲಿ ನಮ್ಮ ಪಂಚಾಂಗವೇ ಕಾಣಿಸಿತು. ಫೆಬ್ರವರಿಯಿಂದ ಏಪ್ರಿಲ್ ತನಕ ಮಧ್ಯಾಹ್ನದ ಸೋಲಾರ್ ಕಾಲಂ ಗಟ್ಟಿ. ದಿನಾ ಹೆಚ್ಚು ಕಮ್ಮಿ ಒಂದೇ ಥರ, ಗಡಿಯಾರದ ಹಾಗೆ. ಜೂನಿನಿಂದ ಗಾಳಿಯ ಕಾಲಂ ಉಬ್ಬುತ್ತದೆ. ಜುಲೈ, ಆಗಸ್ಟಿನಲ್ಲಿ ರಾತ್ರಿಯೂ ಬಿಡುವುದಿಲ್ಲ, ಅದೇ ಹೊತ್ತಿಗೆ ಮೋಡ ಕವಿದು ಸೋಲಾರ್ ತೂಗಾಡುತ್ತದೆ. ಒಂದು ಸೋತಾಗ ಇನ್ನೊಂದು ಎತ್ತಿ ಹಿಡಿಯುತ್ತದೆ. ಸೆಪ್ಟೆಂಬರ್ ಕೊನೆಗೆ ಗಾಳಿ ಕುಸಿಯುತ್ತದೆ. ಅಕ್ಟೋಬರ್, ನವೆಂಬರಿನ ಸಂಜೆ ಏಳೂವರೆ ಅಂದರೆ ಸೋಲಾರ್ ಸೊನ್ನೆ, ಗಾಳಿ ಅಷ್ಟಕ್ಕಷ್ಟೆ. ಮನೆ ದೀಪ, ಟಿವಿ, ಮಿಕ್ಸರ್, ಪಟ್ಟಣದ ಅಂಗಡಿಗಳು ಎಲ್ಲಾ ಒಟ್ಟಿಗೆ ಹತ್ತುವ ಹೊತ್ತು ಅದು. ಆ ತಾಸಿನಲ್ಲಿ ರಾಜ್ಯವನ್ನು ಹೊರುವವರು ಯಾರು ಅಂತ ನೋಡಿದರೆ ಉಳಿದ ಎರಡು ಕಾಲಂ, ನೀರು ಮತ್ತು ಕಲ್ಲಿದ್ದಲು.

ಆ ಕಲ್ಲಿದ್ದಲಿನ ಕಾಲಂ ಬಹುಪಾಲು ನಮ್ಮ ನೆರೆಹೊರೆಯದೇ. ಶಕ್ತಿನಗರದ ಆರ್‌ಟಿಪಿಎಸ್ (ರಾಯಚೂರಿನ ಥರ್ಮಲ್ ಸ್ಟೇಷನ್) 1720 ಮೆಗಾವ್ಯಾಟ್, ಕುಡತಿನಿಯ ಬಿಟಿಪಿಎಸ್ (ಬಳ್ಳಾರಿಯದು) 1700, ಯರಮರಸ್ 1600. ಮೂರೂ ಸೇರಿ 5020. ರಾಯಚೂರು, ಬಳ್ಳಾರಿಯವರು ಅದರ ಬೂದಿಯನ್ನೂ ಉಸಿರಾಡುತ್ತಾರೆ. ಅದಕ್ಕೇ "ಗಾಳಿ ನಂಬಬೇಡಿ, ಕಲ್ಲಿದ್ದಲೇ ಗಟ್ಟಿ" ಅನ್ನುವವರ ಮಾತಿಗೆ ನಾನು ತಲೆ ಅಲ್ಲಾಡಿಸುವುದಿಲ್ಲ. ಥರ್ಮಲ್ ಯೂನಿಟ್ಟೂ ಕೆಡುತ್ತದೆ. ಬಾಯ್ಲರ್ ಟ್ಯೂಬ್ ಒಡೆದರೆ ಒಂದೇ ಏಟಿಗೆ 500, 800 ಮೆಗಾವ್ಯಾಟ್ ಹೋಗುತ್ತದೆ, ಮೊದಲೇ ಹೇಳಿ ಹೋಗುವುದಿಲ್ಲ. ಗಾಳಿ ಇಳಿಯುವುದು ತಾಸು ಎರಡು ತಾಸಿನಲ್ಲಿ ಮೆಲ್ಲಗೆ, ಅದೂ ಹಿಂದಿನ ದಿನವೇ ಅಂದಾಜು ಸಿಗುತ್ತದೆ. ದಿನವನ್ನು ಕಾಲು ಕಾಲು ತಾಸಿನ 96 ತುಂಡು ಮಾಡಿ, ಯಾವ ತುಂಡಿನಲ್ಲಿ ಎಷ್ಟು ಕೊಡುತ್ತೇವೆ ಅಂತ ಗಾಳಿ, ಸೋಲಾರಿನವರು ಮೊದಲೇ ಬರೆದು ಕೊಡಬೇಕು. ಬಹಳ ತಪ್ಪಿದರೆ ದಂಡ. ನನ್ನ ಪ್ರಕಾರ ಗಾಳಿಯನ್ನು ನಂಬಬಹುದು. ಅದು ಯಾವಾಗ ಬರುತ್ತೆ, ಯಾವಾಗ ಬರಲ್ಲ ಅಂತ ನಮ್ಮಜ್ಜನಿಗೂ ಗೊತ್ತಿತ್ತು. ಅಕ್ಟೋಬರಿನ ರಾತ್ರಿ ಹನ್ನೊಂದಕ್ಕೆ ಬಾ ಅಂದರೆ ಮಾತ್ರ ಅದು ಬರುವುದಿಲ್ಲ.

ಇನ್ನೊಂದು ತಪ್ಪು ತಿಳುವಳಿಕೆ ಇಲ್ಲೇ ಹೇಳಿಬಿಡುತ್ತೇನೆ. ಫ್ಯಾನ್ ವರ್ಷಕ್ಕೆ ನೂರಕ್ಕೆ ಮೂವತ್ತು ಪಾಲು ಕೊಡುತ್ತದೆ ಅಂದರೆ ನೂರು ದಿನದಲ್ಲಿ ಮೂವತ್ತು ದಿನ ಓಡಿ ಎಪ್ಪತ್ತು ದಿನ ನಿಲ್ಲುತ್ತದೆ ಅಂತ ಅಲ್ಲ. ಬಹಳಷ್ಟು ದಿನ ಓಡುತ್ತಲೇ ಇರುತ್ತದೆ, ಒಮ್ಮೆ ಜೋರು ಒಮ್ಮೆ ನಿಧಾನ, ಒಟ್ಟು ಕೂಡಿಸಿದರೆ ಅಷ್ಟು. ಸೋಲಾರಿಗೆ ಈ ಲೆಕ್ಕ ಇಪ್ಪತ್ತರ ಹತ್ತಿರ. ಒಂದು ಕಿಲೋವ್ಯಾಟ್ ಪ್ಯಾನೆಲ್ಲಿಗೆ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಅಂತ ಹಿಡಿಯಿರಿ. ನಮ್ಮ ಬಿಸಿಲು ಕೆಂಡದಂಥದ್ದು, ಹಾಗಾದರೆ ಮೇ ತಿಂಗಳಲ್ಲಿ ಇನ್ನೂ ಜಾಸ್ತಿ ಬರಬೇಕು ಅಲ್ವಾ ಅಂತ ಕೇಳುತ್ತಾರೆ. ಬರುವುದಿಲ್ಲ. ಪ್ಯಾನೆಲ್ಲಿಗೆ ಬೆಳಕು ಬೇಕು, ಕಾವು ಬೇಡ. ಪ್ಯಾನೆಲ್ಲಿನ ಮೈ 25 ಡಿಗ್ರಿ ದಾಟಿದ ಮೇಲೆ ಒಂದೊಂದು ಡಿಗ್ರಿಗೂ ನೂರಕ್ಕೆ 0.4ರಷ್ಟು ಕಡಿಮೆ ಆಗುತ್ತಾ ಹೋಗುತ್ತದೆ. ರಾಯಚೂರಿನ ಮೇ ಮಧ್ಯಾಹ್ನ ಪ್ಯಾನೆಲ್ ಮುಟ್ಟಿದರೆ ಕೈ ಸುಡುತ್ತದೆ, 60 ಡಿಗ್ರಿ ಅಂತೂ ಇರುತ್ತದೆ. ಅಲ್ಲಿಗೆ ಏಳರಲ್ಲಿ ಒಂದು ಪಾಲು ಹೋಯಿತು. ಮೇಲೆ ಎರೆ ಮಣ್ಣಿನ ಧೂಳು ಬೇರೆ.

ಮಾಮಾನ ಪ್ರಶ್ನೆಗೆ ಕೈಗೆ ಸಿಗುವಂಥ ಉತ್ತರ ಕೊಟ್ಟಿದ್ದು ನನ್ನ ಪುಸ್ತಕ ಅಲ್ಲ, ಕುಷ್ಟಗಿ ಕಡೆ ಇರುವ ನಮ್ಮ ಅಕ್ಕನ ಹೊಲ. ಭಾವನವರದು ಮೂರು ಎಕರೆ ದಾಳಿಂಬೆ. ಏಳೂವರೆ ಎಚ್‌ಪಿ ಸೋಲಾರ್ ಪಂಪ್, ಏಳು ಕಿಲೋವ್ಯಾಟಿನಷ್ಟು ಪ್ಯಾನೆಲ್. ತೋಟದ ಎತ್ತರದ ಮೂಲೆಯಲ್ಲಿ ಒಂದು ಕೃಷಿ ಹೊಂಡ, 21 ಮೀಟರ್ ಉದ್ದ, ಅಷ್ಟೇ ಅಗಲ, 3 ಮೀಟರ್ ಆಳ, ತಳಕ್ಕೆ ಪ್ಲಾಸ್ಟಿಕ್ ಹಾಳೆ. ಬಿಸಿಲು ಇದ್ದಾಗ ಬೋರಿನ ನೀರು ಹೊಂಡಕ್ಕೆ ಬೀಳುತ್ತದೆ. ಮೋಡ ಬಂದರೆ ಪೈಪಿನ ಧಾರೆ ಹೆಬ್ಬೆರಳಿನಷ್ಟು ಸಣ್ಣಗಾಗುತ್ತದೆ, ಮೋಡ ಸರಿದರೆ ಮತ್ತೆ ಮುಂಗೈ ಗಾತ್ರ. ನಾನು ಒಂದು ಮಧ್ಯಾಹ್ನ ಪೂರ್ತಿ ಅದನ್ನೇ ನೋಡುತ್ತಾ ಕೂತಿದ್ದೆ. ಭಾವನವರಿಗೆ ಅದರ ಚಿಂತೆಯೇ ಇಲ್ಲ. ಗಿಡಕ್ಕೆ ನೀರು ಹೋಗುವುದು ಹೊಂಡದಿಂದ, ಡ್ರಿಪ್ ಮೂಲಕ, ಅವರಿಗೆ ಬೇಕಾದ ಹೊತ್ತಿಗೆ. ಮೋಡದ ಏರಿಳಿತ ಎಲ್ಲಾ ಹೊಂಡದಲ್ಲೇ ಮುಳುಗಿ ಹೋಗುತ್ತದೆ.

ಮನೆಗೆ ಬಂದು ಲೆಕ್ಕ ಹಾಕಿದೆ. ಇಳಿಜಾರು ಬದಿ ಕಳೆದರೆ ಆ ಹೊಂಡದಲ್ಲಿ ಸುಮಾರು 9 ಲಕ್ಷ ಲೀಟರ್ ಹಿಡಿಯುತ್ತದೆ. ಅಷ್ಟು ನೀರನ್ನು 100 ಮೀಟರ್ ಆಳದಿಂದ ಎತ್ತಲು, ನಮ್ಮ ಪಂಪುಗಳ ನಷ್ಟ ಸೇರಿಸಿದರೆ, ಸುಮಾರು 500 ಯೂನಿಟ್ ಬೇಕು. ಮನೆಯ ಇನ್ವರ್ಟರಿಗೆ ಇಡುವ 150 ಎಎಚ್ ಬ್ಯಾಟರಿಯಲ್ಲಿ ಪೂರ್ತಿ ತುಂಬಿದರೂ 1.8 ಯೂನಿಟ್. ಅಂದರೆ ಆ ಹೊಂಡ ಹತ್ತಿರ ಹತ್ತಿರ 280 ಬ್ಯಾಟರಿಯ ಕೆಲಸವನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿದೆ! ಎರಡು ಸಲ ಎಣಿಸಿ ನೋಡಿದೆ, ಸರಿಯೇ ಇತ್ತು. ಬಿಸಿಲಿಗೆ ಸ್ವಲ್ಪ ಆರಿ ಹೋಗುತ್ತದೆ, ಅಕ್ಟೋಬರಿನಲ್ಲಿ ದಿನಕ್ಕೆ ಎರಡು ಸಾವಿರ ಲೀಟರ್, ಬೇಸಿಗೆಯಲ್ಲಿ ಅದರ ಎರಡು ಪಟ್ಟು ಅಂತ ಇಟ್ಟುಕೊಳ್ಳಿ. ಆದರೂ ಬ್ಯಾಟರಿಗಿಂತ ವಾಸಿ. ಹೊಂಡ ಡಿಸ್ಚಾರ್ಜ್ ಆಗಿ ಕೆಡುವುದಿಲ್ಲ.

ಕರೆಂಟ್ ಕೂಡಿಡುವುದು ಕಷ್ಟ, ಕರೆಂಟಿನಿಂದ ಆಗಬೇಕಾದ ಕೆಲಸವನ್ನು ಮೊದಲೇ ಮುಗಿಸಿ ಇಡುವುದು ಸುಲಭ. ಈ ಪ್ರಕರಣದಿಂದ ನಾನು ಕಲಿತದ್ದು ಇದು. ನಮ್ಮ ರಾಜ್ಯದಲ್ಲಿ ನೀರಾವರಿ ಪಂಪ್‌ಸೆಟ್ಟುಗಳು ಲಕ್ಷಗಟ್ಟಲೆ ಇವೆ. ಅವುಗಳಿಗೆ ಇಷ್ಟೇ ಗಂಟೆಗೆ ಕರೆಂಟ್ ಬೇಕು ಅಂತ ಹಠ ಇಲ್ಲ. ಉಳ್ಳಾಗಡ್ಡಿಗೆ ಎರಡು ದಿನದೊಳಗೆ ನೀರು ಮುಟ್ಟಿದರೆ ಸಾಕು. ಹಾಗಿದ್ದ ಮೇಲೆ ಅವನ್ನು ರಾತ್ರಿ ಹನ್ನೊಂದಕ್ಕೆ ಯಾಕೆ ಓಡಿಸಬೇಕು? ಪಾವಗಡದ 2050 ಮೆಗಾವ್ಯಾಟ್ ಪಾರ್ಕ್ ಸೇರಿ ರಾಜ್ಯದ ಸೋಲಾರೆಲ್ಲಾ ಹೊಳೆಯುವ ಹಗಲಿನಲ್ಲೇ ಓಡಿಸಬಹುದಲ್ಲ! ಹಿಂದೆ ಹಗಲು ನಗರಕ್ಕೆ, ರಾತ್ರಿ ರೈತರಿಗೆ ಅಂತ ಹಂಚಿದ್ದು ಕಲ್ಲಿದ್ದಲಿನ ಕಾಲದ ಲೆಕ್ಕ. ಆಗ ರಾತ್ರಿ ಕರೆಂಟ್ ಉಳಿಯುತ್ತಿತ್ತು. ಈಗ ಉಳಿಯುವುದು ಮಧ್ಯಾಹ್ನ. ನಿರಂತರ ಜ್ಯೋತಿ ಯೋಜನೆಯಲ್ಲಿ ಊರಿನ ಲೈನು, ಪಂಪ್‌ಸೆಟ್ ಲೈನು ಬೇರೆ ಮಾಡಿದ್ದಾರೆ, ಹಾಗಾಗಿ ಪಂಪ್ ಫೀಡರನ್ನು ಹಗಲಿಗೆ ತರುವುದಕ್ಕೆ ದಾರಿ ಇದೆ. ರಾತ್ರಿ ನೀರು ಕಟ್ಟುವವರ ಕಾಲಿಗೆ ಹಾವು ಕಚ್ಚುವುದು ನಮ್ಮ ಕಡೆ ಅಪರೂಪದ ಸುದ್ದಿ ಅಲ್ಲ. ಹಗಲು ಕರೆಂಟ್ ಅಂದರೆ ಅದೂ ಒಂದು ಲಾಭ, ಯಾವ ಯೂನಿಟ್ ಲೆಕ್ಕದಲ್ಲೂ ಬರದ ಲಾಭ.

ಡ್ಯಾಮಿಗೂ ಇದೇ ಮಾತು. ಮುಂಗಾರಿನಲ್ಲಿ ಗಾಳಿ ರಾಜ್ಯವನ್ನು ಹೊರುವಾಗ ಲಿಂಗನಮಕ್ಕಿ, ಸೂಪಾದ ನೀರನ್ನು ಮುಟ್ಟದೆ ಬಿಟ್ಟರೆ ಅದು ಬೇಸಿಗೆಯ ಸಂಜೆಗೆ ಉಳಿಯುತ್ತದೆ. ಗಾಳಿಯನ್ನು ಡ್ಯಾಮಿನಲ್ಲಿ ಕೂಡಿಟ್ಟ ಹಾಗೆ. ತುಂಗಭದ್ರಾದಲ್ಲಿ ಮಾತ್ರ ಇದು ನಡೆಯುವುದಿಲ್ಲ. ಅಲ್ಲಿ ನೀರು ಬಿಡುವುದು ಗಂಗಾವತಿ, ಸಿಂಧನೂರಿನ ಭತ್ತದ ಲೆಕ್ಕಕ್ಕೆ, ಕಾಲುವೆಗೆ ನೀರು ಹರಿದಾಗ ಪವರ್‌ಹೌಸ್ ಓಡುತ್ತದೆ ಅಷ್ಟೆ.

ಮಾಮಾ ಒಪ್ಪಲು ಒಂದು ವರ್ಷ ಬೇಕಾಯಿತು. ಎರಡು ಗುಂಟೆ ಹೊಲ ಹೊಂಡಕ್ಕೆ ಹೋಗುತ್ತದಲ್ಲ ಅಂತ ಅತ್ತೆಯದೂ ವಿರೋಧ. ಕೊನೆಗೆ 2025ರ ಬೇಸಿಗೆಯಲ್ಲಿ ಸ್ವಲ್ಪ ಚಿಕ್ಕ ಹೊಂಡ ತೋಡಿಸಿದರು. ಪ್ಯಾನೆಲ್ ಹಾಕಿಸಲಿಲ್ಲ, ಅಷ್ಟು ದುಡ್ಡು ಇರಲಿಲ್ಲ, ಮೊದಲಿನ ಲೈನ್ ಕರೆಂಟೇ. ಬದಲಾಗಿದ್ದು ಒಂದೇ. ಅವರ ಫೀಡರಿಗೆ ಹಗಲಿನ ಪಾಳಿ ಬಂದಾಗ ಎಲ್ಲರೂ ಒಟ್ಟಿಗೆ ಹಚ್ಚುವ ಮೊದಲಿನ ತಾಸು ಬಿಟ್ಟು, ವೋಲ್ಟ್ ಮೀಟರ್ 380 ತೋರಿಸಿದ ಮೇಲೆ ಹಚ್ಚುತ್ತಾರೆ. ಹೊಂಡದಲ್ಲಿ ನೀರಿದ್ದರೆ ಕಾಯುವ ಧೈರ್ಯ ಬರುತ್ತದೆ. ರಿಲೇಯಲ್ಲಿ ಸಿಕ್ಕಿಸಿದ್ದ ಕಡ್ಡಿಯನ್ನು ನಾನೇ ಕಿತ್ತು ಎಸೆದೆ. ಅಲ್ಲಿಂದ ಇಲ್ಲಿಯ ತನಕ ಆ ಮೋಟರ್ ನನ್ನ ಅಂಗಡಿಗೆ ಬಂದಿಲ್ಲ.

ಆದರೆ ಹೊಂಡದಿಂದ ದೀಪ ಹತ್ತುವುದಿಲ್ಲ. ಇದನ್ನೂ ಅಷ್ಟೇ ಒತ್ತಿ ಹೇಳಬೇಕು. ಮಾಮಾನ ಮನೆಯಲ್ಲಿ ಸಂಜೆ ಏಳಕ್ಕೆ ಮೊಮ್ಮಗಳು ಓದಲು ಕೂರುತ್ತಾಳೆ. ಊರ ಆಸ್ಪತ್ರೆಯ ಫ್ರಿಜ್ಜಿನಲ್ಲಿ ಲಸಿಕೆ ಇರುತ್ತದೆ. ಕಾರಟಗಿಯ ರೈಸ್ ಮಿಲ್ಲುಗಳು ಸುಗ್ಗಿಯಲ್ಲಿ ಹಗಲು ರಾತ್ರಿ ಓಡುತ್ತವೆ. ಇವು ಮೋಡ ಸರಿಯಲಿ, ಗಾಳಿ ಬರಲಿ ಅಂತ ಕಾಯುವ ಕೆಲಸಗಳಲ್ಲ. ಛಾವಣಿಗೆ ಪ್ಯಾನೆಲ್ ಹಾಕಿದರೆ ಮುಗೀತು ಅಂತ ಕೆಲವರು ತಿಳಿದಿದ್ದಾರೆ. ಗ್ರಿಡ್ಡಿಗೆ ಜೋಡಿಸಿದ ಮಾಮೂಲಿ ಸೋಲಾರ್ ಲೈನ್ ಕರೆಂಟ್ ಹೋದ ಕೂಡಲೇ ತಾನೂ ನಿಲ್ಲುತ್ತದೆ, ಮಟ ಮಟ ಮಧ್ಯಾಹ್ನವಾದರೂ. ಕಂಬದ ಮೇಲೆ ಕೈ ಇಟ್ಟ ಲೈನ್‌ಮನ್ನಿಗೆ ನಮ್ಮ ಮನೆಯ ಕರೆಂಟ್ ಹೊಡೆಯಬಾರದು ಅಂತ ಹಾಗೆ ಮಾಡಿರುತ್ತಾರೆ. ಫ್ಯಾನುಗಳನ್ನು ಇನ್ನಷ್ಟು ಊರಲ್ಲಿ ಹಾಕಿದರೆ ಸರಿ ಹೋಗುತ್ತಾ ಅಂದರೆ, ನಿಮಿಷ ನಿಮಿಷದ ಏರಿಳಿತ ಕಡಿಮೆ ಆಗುತ್ತದೆ, ಋತುವಿನ ಕುಸಿತ ಹೋಗುವುದಿಲ್ಲ. ಕೊಪ್ಪಳ, ಗದಗ, ಚಿತ್ರದುರ್ಗ, ವಿಜಯಪುರ ಎಲ್ಲಾ ಕಡೆಗೂ ಬೀಸುವುದು ಅದೇ ಮುಂಗಾರು ಗಾಳಿ. ನಿಂತರೆ ಎಲ್ಲಾ ಕಡೆ ಹೆಚ್ಚು ಕಮ್ಮಿ ಒಟ್ಟಿಗೆ ನಿಲ್ಲುತ್ತದೆ.

ಹಾಗಾಗಿ ಸಂಜೆ ಆರರಿಂದ ಹತ್ತರ ತನಕದ ನಾಲ್ಕು ತಾಸಿಗೆ ಬೇರೆ ಏನಾದರೂ ಬೇಕೇ ಬೇಕು. ದೊಡ್ಡ ಬ್ಯಾಟರಿ, ಇಲ್ಲ ಮಧ್ಯಾಹ್ನ ನೀರು ಮೇಲೆತ್ತಿ ಸಂಜೆ ಬಿಡುವ ಪಂಪ್ಡ್ ಸ್ಟೋರೇಜ್, ಇಲ್ಲ ಡ್ಯಾಮಿನಲ್ಲಿ ಉಳಿಸಿದ ನೀರು. ಅದು ಸಾಕಷ್ಟು ಆಗುವ ತನಕ ಶಕ್ತಿನಗರದ ಚಿಮಣಿ ಆರಿಸಿ ಅಂತ ನಾನು ಹೇಳಲಾರೆ. ಆದರೆ ಪಂಪ್‌ಸೆಟ್ಟುಗಳ ಭಾರವನ್ನು ಸಂಜೆ, ರಾತ್ರಿಯಿಂದ ಕಿತ್ತು ಹಗಲಿಗೆ ಹಾಕಿದರೆ ಕೂಡಿಡಬೇಕಾದ ಕರೆಂಟೇ ಎಷ್ಟೋ ಕಡಿಮೆ ಆಗುತ್ತದೆ. ಬ್ಯಾಟರಿಗೆ ಕೋಟಿ ಕೋಟಿ ಸುರಿಯುವ ಮೊದಲು ಮಾಡಬೇಕಾದ ಕೆಲಸ ಇದು. ಇದಕ್ಕೆ ಜೆಸಿಬಿ, ಪ್ಲಾಸ್ಟಿಕ್ ಹಾಳೆ, ಸರಿಯಾದ ಟಿಸಿ ಇಷ್ಟೇ ಸಾಕು.

ಟಿಸಿ ಅಂದಾಗ ನೆನಪಾಯಿತು. ಹನ್ನೊಂದು ಮೋಟರಿನ ಭಾರ ಹೊತ್ತ ಅದೇ 63 ಕೆವಿಎ ಟಿಸಿ ಇವತ್ತಿಗೂ ಅಲ್ಲೇ ಇದೆ. ಎಲ್ಲರೂ ಹಗಲಿಗೆ ಬಂದರೆ ಹಗಲಿನಲ್ಲೂ ವೋಲ್ಟೇಜ್ ಬೀಳುತ್ತದೆ, ಮೇಲೆ ಎಷ್ಟೇ ಸೋಲಾರ್ ಇದ್ದರೂ. ಹನ್ನೊಂದು ಜನ ಸಹಿ ಹಾಕಿ 100 ಕೆವಿಎ ಕೊಡಿ ಅಂತ ಅರ್ಜಿ ಕೊಟ್ಟಿದ್ದಾರೆ, ಅರ್ಜಿಯ ಜೊತೆ ನನ್ನ ಲೆಕ್ಕದ ಹಾಳೆಯನ್ನೂ ಪಿನ್ ಮಾಡಿದ್ದೇವೆ. ಪಕ್ಕದ ಹೊಲದವರು ಮೊನ್ನೆ ಬಂದು ಮಾಮಾನ ಹೊಂಡದ ಉದ್ದ ಅಗಲವನ್ನು ಹೆಜ್ಜೆಯಲ್ಲಿ ಅಳೆದುಕೊಂಡು ಹೋದರು.